ಕಣ್ಣಿಗೆ ಬಿದ್ದದ್ದು ಕೈತಪ್ಪದ ಹಾಗೆ

ನಲವತ್ತು ಸೆಕೆಂಡಿನ ಒಂದು ತುಣುಕು. ಮಳೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತ ಇಬ್ಬರು, ಅರ್ಧಕ್ಕೇ ನಿಂತುಹೋದ ಒಂದು ಮಾತು, ಹಿನ್ನೆಲೆಯಲ್ಲಿ ಪಿಯಾನೊ. ನೋಡಿದ ಕೂಡಲೇ ಪೂರ್ತಿ ಸಿನಿಮಾ ನೋಡಬೇಕು ಅನ್ನಿಸುತ್ತದೆ. ಆದರೆ ಹಾಕಿದವರು ಹೆಸರು ಬರೆದಿಲ್ಲ. ಕಾಮೆಂಟ್‌ಗಳಲ್ಲಿ ಎಲ್ಲರೂ ‘ಯಾವ ಸಿನಿಮಾ ಇದು?’ ಅಂತ ಕೇಳುತ್ತಿದ್ದಾರೆಯೇ ಹೊರತು ಹೇಳುವವರು ಯಾರೂ ಇಲ್ಲ. ಅಷ್ಟರಲ್ಲಿ ಬೆರಳು ಸರಿದು ಮುಂದಿನ ವೀಡಿಯೊ ಬಂದಿರುತ್ತದೆ. ಹಿಂದಕ್ಕೆ ಹೋಗಿ ನೋಡಿದರೆ ಫೀಡ್ ರಿಫ್ರೆಶ್ ಆಗಿ ಆ ತುಣುಕೇ ಮಾಯ.

ಸೋಷಿಯಲ್ ಮೀಡಿಯಾದಲ್ಲಿ ಸಿನಿಮಾ, ಸರಣಿ, ಹಾಡು, ಪಾಡ್‌ಕಾಸ್ಟ್ ಹುಡುಕುವವರೆಲ್ಲ ದಿನವೂ ಎದುರಿಸುವ ತೊಂದರೆ ಇದು. ಇದರ ಬೇರು ಎಲ್ಲಿದೆ ಅಂದರೆ, ನಾವು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಫೀಡಿಗೆ ಒಪ್ಪಿಸಿದ್ದೇವೆ. ಹೊಸದು ಕಣ್ಣಿಗೆ ಬೀಳುವುದು ಒಂದು ಕೆಲಸ. ಮೆಚ್ಚಿದವರ ಕೆಲಸವನ್ನು ಒಂದೂ ತಪ್ಪದಂತೆ ನೋಡುತ್ತಾ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಅಲ್ಗಾರಿದಮ್, ಅಂದರೆ ಯಾರಿಗೆ ಏನು ತೋರಿಸಬೇಕೆಂದು ಲೆಕ್ಕ ಹಾಕುವ ಯಂತ್ರ, ಒಳ್ಳೆಯ ಸಹಾಯಕ. ಎರಡನೆಯದಕ್ಕೆ ಅದನ್ನು ನಂಬಿದರೆ ಕೆಟ್ಟೆವು. ಇವೆರಡನ್ನೂ ಬೇರ್ಪಡಿಸಿ, ಮಧ್ಯೆ ನಮ್ಮದೇ ಒಂದು ಪಟ್ಟಿ ಇಟ್ಟುಕೊಂಡರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಮೊದಲು ಫೀಡ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಿರಬೇಕು. ಯೂಟ್ಯೂಬ್ ಎಂಜಿನಿಯರ್‌ಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಹಂತಗಳ ವಿವರಣೆ ಇದೆ. ಮೊದಲ ಹಂತದಲ್ಲಿ, ಇರುವ ಲಕ್ಷಾಂತರ ವೀಡಿಯೊಗಳಿಂದ ನಿಮ್ಮಂಥವರು ನೋಡಿದ ಕೆಲವು ನೂರನ್ನು ಆರಿಸಲಾಗುತ್ತದೆ. ಎರಡನೆಯದರಲ್ಲಿ ಆ ಕೆಲವು ನೂರಕ್ಕೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸಲಾಗುತ್ತದೆ. ಆ ಅಂಕಕ್ಕೆ ಆಧಾರ, ನೀವು ಅದನ್ನು ಎಷ್ಟು ಹೊತ್ತು ನೋಡಬಹುದು ಎಂಬ ಅಂದಾಜು. 2012ರಲ್ಲೇ ಯೂಟ್ಯೂಬ್ ಕ್ಲಿಕ್ಕುಗಳ ಲೆಕ್ಕಕ್ಕಿಂತ ನೋಡಿದ ಸಮಯಕ್ಕೆ ಹೆಚ್ಚು ಬೆಲೆ ಕೊಡಲು ಶುರುಮಾಡಿತ್ತು. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಂ ಮೊಸ್ಸೆರಿ ಕೂಡ ತಮ್ಮಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ನೋಡಿದ ಸಮಯ, ಲೈಕು, ಮತ್ತು ಬೇರೆಯವರಿಗೆ ಕಳಿಸುವುದು ಅಂತ ಹೇಳಿದ್ದಾರೆ.

ಹಾಗಾಗಿ ಯಂತ್ರಕ್ಕೆ ಮುಖ್ಯವಾಗಿ ಕಾಣುವುದು ನೀವು ನಿಂತ ಹೊತ್ತು. ಏಕೆ ನಿಂತಿರಿ ಎನ್ನುವುದು ಅದಕ್ಕೆ ಗೊತ್ತಿಲ್ಲ. ಸಿಟ್ಟಿನಿಂದ ಪೂರ್ತಿ ನೋಡಿದ ವೀಡಿಯೊ, ಪಕ್ಕದಲ್ಲಿ ಕೂತ ಮಗು ಆಡಿಸಿದ ಹಾಡು, ನಿದ್ದೆ ಬಂದು ತಾನಾಗಿ ಓಡಿದ ಎರಡು ತಾಸು, ಎಲ್ಲವೂ ಪ್ರೀತಿಯ ಲೆಕ್ಕಕ್ಕೇ ಜಮಾ. ಇದನ್ನು ಸರಿಪಡಿಸುವ ದಾರಿಯೂ ಅಲ್ಲೇ ಇದೆ. ಯೂಟ್ಯೂಬ್‌ನ ಹಿಸ್ಟರಿಗೆ ಹೋಗಿ ಆ ಒಂದು ವೀಡಿಯೊ ಅಳಿಸಿದರೆ ಅದರ ಪ್ರಭಾವವೂ ಶಿಫಾರಸಿನಿಂದ ಹೋಗುತ್ತದೆ. ಬೇಡದ ವೀಡಿಯೊ ಪಕ್ಕದ ಮೂರು ಚುಕ್ಕಿ ಒತ್ತಿದರೆ ‘ನಾಟ್ ಇಂಟರೆಸ್ಟೆಡ್’ ಮತ್ತು ‘ಡೋಂಟ್ ರೆಕಮೆಂಡ್ ಚಾನೆಲ್’ ಎರಡೂ ಸಿಗುತ್ತವೆ. ಮೊದಲನೆಯದರ ಪರಿಣಾಮ ಮೆಲ್ಲಗೆ, ಎರಡನೆಯದರದು ನೇರ. ಗೂಗಲ್ ಖಾತೆಯಲ್ಲಿ 3, 18 ಅಥವಾ 36 ತಿಂಗಳಿಗಿಂತ ಹಳೆಯ ಹಿಸ್ಟರಿ ತಾನಾಗಿ ಅಳಿಯುವಂತೆಯೂ ಮಾಡಬಹುದು. ಅಭಿರುಚಿ ಬೇಗ ಬದಲಾಗುವವರಿಗೆ 3 ತಿಂಗಳೇ ಸರಿ. ಹಿಸ್ಟರಿಯನ್ನೇ ನಿಲ್ಲಿಸಿ, ಇದ್ದದ್ದನ್ನೂ ಅಳಿಸಿದರೆ 2023ರ ಆಗಸ್ಟ್‌ನಿಂದೀಚೆಗೆ ಯೂಟ್ಯೂಬ್ ಮುಖಪುಟ ಖಾಲಿ ಕಾಣುತ್ತದೆ. ಕೆಲವರಿಗೆ ಬೇಕಾದದ್ದೂ ಆ ಮೌನವೇ.

ಇನ್‌ಸ್ಟಾಗ್ರಾಮ್‌ನಲ್ಲಿ ಶಿಫಾರಸುಗಳನ್ನು ಪೂರ್ತಿ ರೀಸೆಟ್ ಮಾಡುವ ಸೌಲಭ್ಯ ಇದೆ. ಒಮ್ಮೆ ಒತ್ತಿದರೆ ಹಿಂದಕ್ಕೆ ಬರಲಾಗದು. ಒತ್ತಿದ ಮೇಲಿನ ಮೊದಲ ಕೆಲವು ದಿನ ಏನು ನೋಡುತ್ತೀರೋ ಅದರ ಮೇಲೇ ಹೊಸ ಫೀಡ್ ಕಟ್ಟಲ್ಪಡುತ್ತದೆ. ಆದ್ದರಿಂದ ಆ ದಿನಗಳಲ್ಲಿ ಸುಮ್ಮನೆ ಸ್ಕ್ರೋಲ್ ಮಾಡದೆ, ನಿಜವಾಗಿ ಇಷ್ಟವಾದ ಖಾತೆಗಳನ್ನು ಹೆಸರು ಹಿಡಿದು ಹುಡುಕಿ ನೋಡಬೇಕು.

ಇನ್ನು ಹಿಂಬಾಲಿಸುವ ವಿಷಯ. ಫಾಲೋ ಮಾಡಿದರೆ ಎಲ್ಲವೂ ಬರುತ್ತದೆ ಎಂಬ ನಂಬಿಕೆ 2016ಕ್ಕೇ ಸುಳ್ಳಾಯಿತು. ಆ ವರ್ಷ ಇನ್‌ಸ್ಟಾಗ್ರಾಮ್ ಪೋಸ್ಟ್‌ಗಳನ್ನು ಬಂದ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟಿತು. 2022ರ ಮಾರ್ಚ್‌ನಲ್ಲಿ ‘ಫಾಲೋಯಿಂಗ್’ ಮತ್ತು ‘ಫೇವರಿಟ್ಸ್’ ಎಂಬ ಎರಡು ಫೀಡ್‌ಗಳನ್ನು ಸೇರಿಸಿತು. ಎರಡರಲ್ಲೂ ಹೊಸದು ಮೇಲೆ, ಹಳೆಯದು ಕೆಳಗೆ. ಫೇವರಿಟ್ಸ್‌ಗೆ 50 ಖಾತೆಗಳ ಮಿತಿ. ನಿಜವಾಗಿ ತಪ್ಪಿಸಿಕೊಳ್ಳಬಾರದವರು ಯಾರು ಅಂತ ಯೋಚಿಸುವಂತೆ ಈ ಮಿತಿ ಮಾಡುತ್ತದೆ, ಅದು ಒಳ್ಳೆಯದೇ. ತೊಂದರೆ ಇಷ್ಟೇ: ಆ್ಯಪ್ ತೆರೆದಾಗಲೆಲ್ಲ ಮತ್ತೆ ಮಾಮೂಲಿ ಫೀಡೇ ಎದುರಾಗುತ್ತದೆ, ಪ್ರತಿಸಲವೂ ನಾವೇ ಈ ಫೀಡ್‌ಗಳಿಗೆ ಹೋಗಬೇಕು. ಮಧ್ಯೆ ನುಗ್ಗುವ ಸೂಚಿತ ಪೋಸ್ಟ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ 30 ದಿನಗಳವರೆಗೆ ತಡೆಹಿಡಿಯಬಹುದು. ಮೂವತ್ತನೆಯ ದಿನ ಮುಗಿದರೆ ಅವು ಮತ್ತೆ ಹಾಜರು. ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಕೊಂಡರೆ ಸಾಕು.

ಯೂಟ್ಯೂಬ್‌ನಲ್ಲಿ ಸಬ್‌ಸ್ಕ್ರೈಬ್ ಮಾಡಿಯೂ ವೀಡಿಯೊ ಬರಲಿಲ್ಲ ಅನ್ನುವವರು ಬಹಳ. ಕಾರಣ ಬೆಲ್ ಗುರುತಿನಲ್ಲಿದೆ. ಸಬ್‌ಸ್ಕ್ರೈಬ್ ಒತ್ತಿದಾಗ ಬೆಲ್ ‘ಪರ್ಸನಲೈಸ್ಡ್’ ಸ್ಥಿತಿಯಲ್ಲಿರುತ್ತದೆ. ಅಂದರೆ ಯಾವುದನ್ನು ತಿಳಿಸಬೇಕು ಅನ್ನುವುದು ಯೂಟ್ಯೂಬ್‌ನ ನಿರ್ಧಾರ. ಬೆಲ್ ಒತ್ತಿ ‘ಆಲ್’ ಆರಿಸಿದರೆ ಮಾತ್ರ ಎಲ್ಲಕ್ಕೂ ಸೂಚನೆ. ಆಗಲೂ ಬಾರದಿದ್ದರೆ ಮೂರು ಕಡೆ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲೇ ಯೂಟ್ಯೂಬ್ ನೋಟಿಫಿಕೇಶನ್ ಮುಚ್ಚಿರಬಹುದು. ಆ ವೀಡಿಯೊವನ್ನು ಮಕ್ಕಳಿಗಾಗಿ ಮಾಡಿದ್ದು ಅಂತ ಗುರುತಿಸಿದ್ದರೆ ಸೂಚನೆಯೇ ಹೋಗುವುದಿಲ್ಲ. ಇಲ್ಲವೇ ಆ ಚಾನೆಲ್ ಒಂದೇ ದಿನ ಹತ್ತಾರು ವೀಡಿಯೊ ಹಾಕುತ್ತಿರಬಹುದು. 24 ತಾಸಿನಲ್ಲಿ ಒಂದು ಚಾನೆಲ್‌ನಿಂದ ಬರುವ ಹೊಸ ವೀಡಿಯೊ ಸೂಚನೆಗಳಿಗೂ ಮಿತಿ ಇದೆ. ಬೆಲ್ ‘ಆಲ್’ ಮಾಡುವ ಚಾನೆಲ್‌ಗಳು ಹತ್ತು ದಾಟಬಾರದು ಅನ್ನುವುದು ನನ್ನ ಸಲಹೆ. ದಾಟಿದರೆ ನಾಲ್ಕೇ ದಿನದಲ್ಲಿ ಎಲ್ಲ ಸೂಚನೆಗಳನ್ನೂ ನೋಡದೆ ಸರಿಸುವ ಅಭ್ಯಾಸ ಬರುತ್ತದೆ. ಮಿಕ್ಕವನ್ನು ‘ಸಬ್‌ಸ್ಕ್ರಿಪ್ಷನ್ಸ್’ ಪುಟದಲ್ಲಿ ವಾರಕ್ಕೆರಡು ಸಲ ನೋಡಿದರಾಯಿತು.

ಇದಕ್ಕಿಂತ ಗಟ್ಟಿಯಾದ ದಾರಿ ಆರ್‌ಎಸ್‌ಎಸ್ ಫೀಡ್, ಅಂದರೆ ಒಂದು ತಾಣದಲ್ಲಿ ಹೊಸದು ಬಂದಾಗಲೆಲ್ಲ ತಾನಾಗಿ ಬೆಳೆಯುವ ಪಟ್ಟಿ. ಹಳೆಯ ತಂತ್ರಜ್ಞಾನ, ಆದರೆ ಪಾಡ್‌ಕಾಸ್ಟ್ ಲೋಕ ಇಂದಿಗೂ ನಿಂತಿರುವುದು ಅದರ ಮೇಲೆಯೇ. ಪ್ರತಿ ಯೂಟ್ಯೂಬ್ ಚಾನೆಲ್‌ಗೂ ಇಂಥ ಫೀಡ್ ಇದೆ. ಚಾನೆಲ್‌ನ ವಿಳಾಸವನ್ನು ಯಾವುದಾದರೂ ಒಳ್ಳೆಯ ಫೀಡ್ ರೀಡರ್ ಆ್ಯಪ್‌ಗೆ ಅಂಟಿಸಿದರೆ ಅದೇ ಹುಡುಕಿಕೊಳ್ಳುತ್ತದೆ. ಶಿಫಾರಸಿಲ್ಲ, ಜಾಹೀರಾತಿನ ತುರುಕುವಿಕೆ ಇಲ್ಲ, ಬಂದದ್ದು ಬಂದ ಕ್ರಮದಲ್ಲಿ. ಫೀಡ್ ತೋರಿಸುವುದು ಇತ್ತೀಚಿನ 15 ವೀಡಿಯೊಗಳನ್ನು ಮಾತ್ರ, ಹಾಗಾಗಿ ಹಳೆಯವನ್ನು ಚಾನೆಲ್ ಪುಟದಲ್ಲೇ ನೋಡಬೇಕು.

ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ‘ಲಿಸ್ಟ್’, ಅಂದರೆ ಆಯ್ದ ಖಾತೆಗಳ ಪಟ್ಟಿ, ಬಳಸುವವರು ಕಡಿಮೆ, ಬಳಸಿದವರು ಬಿಡುವುದಿಲ್ಲ. ಲಿಸ್ಟಿಗೆ ಸೇರಿಸಲು ಆ ಖಾತೆಯನ್ನು ಫಾಲೋ ಮಾಡಲೇಬೇಕೆಂದಿಲ್ಲ. ಲಿಸ್ಟನ್ನು ಖಾಸಗಿಯಾಗಿ ಇಟ್ಟರೆ ಯಾರಿಗೂ ತಿಳಿಯುವುದೂ ಇಲ್ಲ. ಸಿನಿಮಾಕ್ಕೊಂದು, ಸಂಗೀತಕ್ಕೊಂದು ಮಾಡಿಕೊಂಡರೆ ರಾಜಕೀಯದ ಗದ್ದಲ ಅಲ್ಲಿಗೆ ಬರುವುದಿಲ್ಲ. ಫೇಸ್‌ಬುಕ್‌ನಲ್ಲಿ ‘ಫೀಡ್ಸ್’ ಎಂಬ ಪ್ರತ್ಯೇಕ ಪುಟ ಇದೆ, ಅದರಲ್ಲೂ ಫೇವರಿಟ್ಸ್ 30ರವರೆಗೆ. ಹ್ಯಾಶ್‌ಟ್ಯಾಗ್ (# ಹಾಕಿದ ಪದ) ವಿಷಯದಲ್ಲಿ ಹಳೆಯ ಭರವಸೆ ಇಟ್ಟುಕೊಳ್ಳಬೇಡಿ: 2007ರಲ್ಲಿ ಕ್ರಿಸ್ ಮೆಸ್ಸಿನಾ ಟ್ವಿಟರ್‌ನಲ್ಲಿ ಸೂಚಿಸಿದ ಆ ಗುರುತನ್ನು ಫಾಲೋ ಮಾಡುವ ಸೌಲಭ್ಯವನ್ನು ಇನ್‌ಸ್ಟಾಗ್ರಾಮ್ 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ಎಕ್ಸ್‌ನಂಥದೇ ಇನ್ನೊಂದು ಜಾಲತಾಣವಾದ ಮಾಸ್ಟಡಾನ್‌ನಲ್ಲಿ ಅದು ಈಗಲೂ ಚೆನ್ನಾಗಿ ನಡೆಯುತ್ತದೆ.

ಯಾರನ್ನು ಹಿಂಬಾಲಿಸಬೇಕು? ಬಹುತೇಕರು ನಟನಟಿಯರಿಂದ ಶುರುಮಾಡುತ್ತಾರೆ. ಅವರ ಖಾತೆಗಳಲ್ಲಿ ಸಿಗುವುದು ಪ್ರಚಾರ, ಹಬ್ಬದ ಶುಭಾಶಯ, ಜಾಹೀರಾತು. ಹೊಸ ಕೆಲಸದ ಸುಳಿವು ಬೇಕಾದರೆ ಮೆಚ್ಚಿದ ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳನ್ನು ನಿಲ್ಲಿಸಿ ಓದಿ. ಛಾಯಾಗ್ರಾಹಕ, ಸಂಕಲನಕಾರ, ಧ್ವನಿ ವಿನ್ಯಾಸಕ, ಕಥೆಗಾರ, ವಿತರಣೆ ಮಾಡಿದ ಸಂಸ್ಥೆ. ಒಬ್ಬ ಒಳ್ಳೆಯ ಸಂಕಲನಕಾರರ ಹಿಂದೆ ಹೋದರೆ ಹೆಸರೇ ಕೇಳದ ನಾಲ್ಕು ಒಳ್ಳೆಯ ಸಿನಿಮಾ ಸಿಗುತ್ತವೆ. ಇವರ ಖಾತೆಗಳಿಗೆ ಹಿಂಬಾಲಕರು ಕಡಿಮೆ, ಆದ್ದರಿಂದ ಅಲ್ಗಾರಿದಮ್ ಇವರನ್ನು ತಾನಾಗಿ ತೋರಿಸುವುದು ಅಪರೂಪ. ನಾವೇ ಹುಡುಕಿ ಹೋಗಬೇಕು.

ಚಿತ್ರೋತ್ಸವಗಳ ಖಾತೆಗಳು ಇನ್ನೊಂದು ಗಣಿ. ಕಾನ್ ಉತ್ಸವದ ಆಯ್ಕೆಪಟ್ಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರುತ್ತದೆ, ಉತ್ಸವ ಮೇ ತಿಂಗಳಲ್ಲಿ. 1932ರಲ್ಲಿ ಆರಂಭವಾದ ವೆನಿಸ್‌ನ ಪಟ್ಟಿ ಜುಲೈ ಕೊನೆಗೆ, ಟೊರಾಂಟೊ ಉತ್ಸವ ಸೆಪ್ಟೆಂಬರ್‌ನಲ್ಲಿ. ಆ ಪಟ್ಟಿಗಳಲ್ಲಿನ ಸಿನಿಮಾಗಳು ಎಲ್ಲರ ಕೈಗೆ ಬರಲು ಹಲವು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಪಟ್ಟಿ ಬಂದ ದಿನ ನಾಲ್ಕು ಹೆಸರು ಬರೆದಿಟ್ಟುಕೊಂಡರೆ, ಮುಂದಿನ ವರ್ಷ ಜಗತ್ತು ಮಾತಾಡುವ ಹೊತ್ತಿಗೆ ನಿಮಗದು ಹಳೆಯ ಪರಿಚಯ.

ವಿಮರ್ಶಕರನ್ನು ಆರಿಸುವುದಕ್ಕೂ ಒಂದು ಪರೀಕ್ಷೆ ಇದೆ. ನೀವು ಚೆನ್ನಾಗಿ ಬಲ್ಲ ಐದು ಕೃತಿಗಳ ಬಗ್ಗೆ ಅವರು ಏನು ಹೇಳಿದ್ದಾರೆ ಅಂತ ಹುಡುಕಿ ನೋಡಿ. ಐದಕ್ಕೆ ನಾಲ್ಕು ಹೊಂದಿದರೆ ಫಾಲೋ ಮಾಡಿ. ಐದಕ್ಕೆ ಐದೂ ತಲೆಕೆಳಗಾದರೂ ಫಾಲೋ ಮಾಡಿ, ಅವರು ಬೈದದ್ದೆಲ್ಲ ನಿಮಗೆ ಇಷ್ಟವಾಗುವ ಸಾಧ್ಯತೆ ಹೆಚ್ಚು. ಕೆಲಸಕ್ಕೆ ಬಾರದವರು ಎಲ್ಲವನ್ನೂ ಹೊಗಳುವವರು ಮಾತ್ರ. ನೋಡಿದ ಸಿನಿಮಾಗಳಿಗೆ ಜನ ನಕ್ಷತ್ರ ಕೊಟ್ಟು ವಿಮರ್ಶೆ ಬರೆಯುವ, 2011ರಲ್ಲಿ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಲೆಟರ್‌ಬಾಕ್ಸ್‌ಡ್ ತಾಣ ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಹೆಚ್ಚು ಜನ ನೋಡಿರದ, ಆದರೆ ನಿಮಗೆ ಪ್ರಾಣವಾದ ಒಂದು ಸಿನಿಮಾದ ಪುಟಕ್ಕೆ ಹೋಗಿ, ಅದಕ್ಕೆ ಐದು ನಕ್ಷತ್ರ ಕೊಟ್ಟವರ ಉಳಿದ ಪಟ್ಟಿ ನೋಡಿ. ಎಲ್ಲರೂ ಮೆಚ್ಚಿದ ಸಿನಿಮಾದಿಂದ ಶುರುಮಾಡಿದರೆ ಪ್ರಯೋಜನವಿಲ್ಲ, ಅಲ್ಲಿ ಅಭಿರುಚಿಯ ಗುರುತು ಸಿಗುವುದಿಲ್ಲ. ಅಲ್ಗಾರಿದಮ್ ಮಾಡುವ ಕೆಲಸವನ್ನೇ ಇಲ್ಲಿ ಕೈಯಾರೆ ಮಾಡುತ್ತೇವೆ. ಕಾರಣವೂ ಜೊತೆಗೇ ಓದಲು ಸಿಗುತ್ತದೆ.

ಸಂಗೀತದ್ದು ವಾರದ ಲೆಕ್ಕ. 2015ರ ಜುಲೈ 10ರಿಂದ ಜಗತ್ತಿನಾದ್ಯಂತ ಹೊಸ ಆಲ್ಬಮ್‌ಗಳು ಶುಕ್ರವಾರ ಬಿಡುಗಡೆಯಾಗುವ ಪದ್ಧತಿ ಬಂತು, ಆದ್ದರಿಂದಲೇ ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ಹೊಸ ಹಾಡುಗಳ ಪಟ್ಟಿ ‘ರಿಲೀಸ್ ರೇಡಾರ್’ ಶುಕ್ರವಾರ ಹೊಸದಾಗುತ್ತದೆ. ಅದರದೇ ಶಿಫಾರಸು ಪಟ್ಟಿ ‘ಡಿಸ್ಕವರ್ ವೀಕ್ಲಿ’ಯ 30 ಹಾಡುಗಳು ಸೋಮವಾರ ಬದಲಾಗುತ್ತವೆ. ಉಳಿಸಿಕೊಳ್ಳದ ಹಾಡು ಮುಂದಿನ ಸೋಮವಾರ ಅಲ್ಲಿರುವುದಿಲ್ಲ. ಕೇಳಿದ್ದನ್ನೆಲ್ಲ ಒಂದೇ ಕಡೆ ದಾಖಲಿಸಬೇಕಾದರೆ ಲಾಸ್ಟ್‌ಎಫ್‌ಎಂ ಇದೆ: 30 ಸೆಕೆಂಡಿಗಿಂತ ಉದ್ದದ ಹಾಡು ಅರ್ಧ ಮುಗಿದಾಗ, ಇಲ್ಲವೇ ನಾಲ್ಕು ನಿಮಿಷ ಓಡಿದಾಗ ಅದರ ಲೆಕ್ಕಕ್ಕೆ ಸೇರುತ್ತದೆ.

ಈಗ ಆ ಮಳೆಯ ತುಣುಕಿಗೆ ಮರಳೋಣ. ಮೊದಲು ಅದನ್ನು ಮತ್ತೆ ಹಿಡಿಯಬೇಕು. ಯೂಟ್ಯೂಬ್ ಶಾರ್ಟ್ಸ್ ಆಗಿದ್ದರೆ ಹಿಸ್ಟರಿಯಲ್ಲಿರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲೂ ಈಚೆಗೆ ‘ಯುವರ್ ಆ್ಯಕ್ಟಿವಿಟಿ’ಯಡಿ ನೋಡಿದ ರೀಲ್‌ಗಳ ಪಟ್ಟಿ ಬಂದಿದೆ. ಸಿಕ್ಕ ಮೇಲೆ ಕೆಳಗಿನ ಆಡಿಯೊ ಹೆಸರನ್ನು ಒತ್ತಿ. ಅದೇ ಧ್ವನಿ ಬಳಸಿದ ಉಳಿದ ರೀಲ್‌ಗಳು ಬರುತ್ತವೆ, ಅವುಗಳಲ್ಲಿ ಯಾರಾದರೊಬ್ಬರು ಹೆಸರು ಬರೆದಿರುವ ಸಾಧ್ಯತೆ ಇದೆ. ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ನೋಡಿ ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡಿ. ಮುಖ ಸ್ಪಷ್ಟವಾಗಿ ಕಾಣುವ, ಅಲುಗಾಡದ ಚೌಕಟ್ಟನ್ನೇ ಆರಿಸಿ; ಸುತ್ತಲಿನ ಅಂಚು, ಮೇಲೆ ಬರೆದ ಅಕ್ಷರ, ಎಮೋಜಿ ಎಲ್ಲ ಕತ್ತರಿಸಿ ತೆಗೆಯಿರಿ. ಅಕ್ಷರ ಉಳಿದರೆ ಲೆನ್ಸ್ ಸಿನಿಮಾ ಬಿಟ್ಟು ಅಕ್ಷರವನ್ನೇ ಹುಡುಕಿಕೊಂಡು ಹೋಗುತ್ತದೆ.

ಇಷ್ಟು ಮಾಡಿದರೂ ಸಿಗಲಿಲ್ಲ ಅಂದರೆ ಹಾಕಿದವರು ಚಿತ್ರವನ್ನು ಎಡಬಲ ತಿರುಗಿಸಿರಬಹುದು. 2007ರಿಂದ ಯೂಟ್ಯೂಬ್‌ನಲ್ಲಿರುವ ಕಂಟೆಂಟ್ ಐಡಿಯಂಥ ವ್ಯವಸ್ಥೆಗಳು ಹಕ್ಕುದಾರರು ಕೊಟ್ಟ ಮೂಲದೊಂದಿಗೆ ಹೊಸ ವೀಡಿಯೊಗಳನ್ನು ಹೋಲಿಸಿ ನೋಡುತ್ತವೆ. ಅದನ್ನು ತಪ್ಪಿಸಲು ಹಾಕುವವರು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತಾರೆ, ವೇಗ ಸ್ವಲ್ಪ ಏರಿಸುತ್ತಾರೆ, ಸುತ್ತ ಚೌಕಟ್ಟು ಹಾಕುತ್ತಾರೆ. ಹೆಸರು ಬರೆಯದಿರುವುದರಲ್ಲೂ ಲೆಕ್ಕಾಚಾರ ಇರುತ್ತದೆ. ಕೇಳುವವರು ಹೆಚ್ಚಿದಷ್ಟೂ ಕಾಮೆಂಟು ಹೆಚ್ಚು. ತಿರುಗಿಸಿದ್ದಾರೋ ಇಲ್ಲವೋ ಅಂತ ಹಿನ್ನೆಲೆ ನೋಡಿದರೆ ತಿಳಿಯುತ್ತದೆ. ಆ ಬಸ್ಸಿನ ಹಣೆಯ ಮೇಲಿನ ಅಕ್ಷರ ಉಲ್ಟಾ ಇದೆಯೇ? ಎಲ್ಲರ ಕೈಗಡಿಯಾರವೂ ಬಲಗೈಯಲ್ಲಿದೆಯೇ? ಅಂಗಿಯ ಜೇಬು ಬಲಕ್ಕಿದೆಯೇ? ಹಾಗಿದ್ದರೆ ಗ್ಯಾಲರಿಯ ಎಡಿಟ್‌ನಲ್ಲಿ ಚಿತ್ರವನ್ನು ಅಡ್ಡಲಾಗಿ ಫ್ಲಿಪ್ ಮಾಡಿ ಮತ್ತೆ ಲೆನ್ಸ್‌ಗೆ ಕೊಡಿ. ಹತ್ತು ನಿಮಿಷ ಹುಡುಕಿ ಸಿಗದ್ದು ಈ ಒಂದು ತಿರುವಿನಲ್ಲಿ ಸಿಗುವುದುಂಟು.

ಪಿಯಾನೊ ಯಾವುದು ಅಂತ ತಿಳಿಯಲು ಹಾಡು ಗುರುತಿಸುವ ಆ್ಯಪ್ ಶಜಾಮ್‌ಗೆ ಕೇಳಿಸಬಹುದು. ವೇಗದ ಜೊತೆ ಶ್ರುತಿಯೂ ಏರಿದ್ದರೆ ಅದು ಗುರುತಿಸದೆ ಹೋಗಬಹುದು. ಪ್ಲೇಯರಿನಲ್ಲಿ ವೇಗ ತಗ್ಗಿಸಿದರೆ ಸರಿಹೋದೀತು ಅನ್ನಿಸುತ್ತದೆ, ಆದರೆ ಯೂಟ್ಯೂಬ್‌ನಂಥ ಪ್ಲೇಯರ್‌ಗಳು ವೇಗ ಬದಲಿಸಿದರೂ ಶ್ರುತಿಯನ್ನು ಇದ್ದಂತೆಯೇ ಉಳಿಸುತ್ತವೆ. ಏರಿದ್ದು ಇಳಿಯುವುದಿಲ್ಲ. ಆಗ ಸಂಗೀತ ಬಿಟ್ಟು ಮಾತಿಗೆ ಬನ್ನಿ. ಸಂಭಾಷಣೆಯ ಐದಾರು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಕೊನೆಯ ಆಸರೆ ಮನುಷ್ಯರೇ. ಚರ್ಚೆಯ ತಾಣವಾದ ರೆಡಿಟ್‌ನ ‘ಟಿಪ್ ಆಫ್ ಮೈ ಟಂಗ್’ ಗುಂಪು ಇರುವುದೇ ಇದಕ್ಕೆ. ‘ಒಂದು ಮಳೆಯ ದೃಶ್ಯ’ ಅಂತಷ್ಟೇ ಕೇಳಿದರೆ ಉತ್ತರ ಬಾರದು. ಭಾಷೆ, ಅಂದಾಜು ದಶಕ, ಬಣ್ಣದ್ದೋ ಕಪ್ಪುಬಿಳುಪೋ, ಪಾತ್ರಗಳ ವಯಸ್ಸು, ಆಡಿದ ಮಾತು, ಈಗಾಗಲೇ ನೋಡಿ ಅಲ್ಲವೆಂದು ಬಿಟ್ಟ ಸಿನಿಮಾಗಳು, ಇಷ್ಟನ್ನೂ ಬರೆಯಿರಿ.

ಹೆಸರು ಸಿಕ್ಕಿತು. ಎಲ್ಲಿ ನೋಡುವುದು? ಜಸ್ಟ್‌ವಾಚ್‌ನಲ್ಲಿ ದೇಶ ಆರಿಸಿ ಹೆಸರು ಹಾಕಿದರೆ ಯಾವ ವೇದಿಕೆಯಲ್ಲಿದೆ, ಬಾಡಿಗೆಗೋ ಕೊಳ್ಳಲೋ ಅಂತ ತೋರಿಸುತ್ತದೆ. ಕಾಮೆಂಟಿನಲ್ಲಿ, ಟೆಲಿಗ್ರಾಂ ಚಾನೆಲ್‌ನಲ್ಲಿ ‘ಪೂರ್ತಿ ಸಿನಿಮಾ ಇಲ್ಲಿ’ ಅಂತ ಕೊಡುವ ಕೊಂಡಿಗಳನ್ನು ಮುಟ್ಟಬೇಡಿ. ಅದು ದುಡಿದವರ ಕೆಲಸದ ಕಳವು. ಜೊತೆಗೆ ಅಪಾಯವೂ ಇದೆ: ಇಳಿದ ಫೈಲಿನ ಕೊನೆಯಲ್ಲಿ ಎಪಿಕೆ ಅಥವಾ ಇಎಕ್ಸ್‌ಇ ಅಂತಿದ್ದರೆ ಅದು ಸಿನಿಮಾ ಅಲ್ಲವೇ ಅಲ್ಲ, ಫೋನಿಗೋ ಕಂಪ್ಯೂಟರಿಗೋ ನುಗ್ಗುವ ಪ್ರೋಗ್ರಾಂ.

ನಕಲಿ ಟ್ರೇಲರ್‌ಗಳ ಹಾವಳಿಯೂ ಹೆಚ್ಚಾಗಿದೆ. ಹಳೆಯ ಸಿನಿಮಾಗಳ ತುಣುಕು, ಎಐ ಮಾಡಿದ ಮುಖ ಸೇರಿಸಿ ಇನ್ನೂ ಚಿತ್ರೀಕರಣವೇ ಆಗದ ಸಿನಿಮಾಕ್ಕೆ ಟ್ರೇಲರ್ ಹಾಕುತ್ತಾರೆ. ವಿವರಣೆಯ ಕೊನೆಯಲ್ಲೆಲ್ಲೋ ‘ಕಾನ್ಸೆಪ್ಟ್’ (ಬರೀ ಕಲ್ಪನೆ) ಎಂಬ ಪದ ಅಡಗಿರುತ್ತದೆ. ನೀಲಿ ಟಿಕ್ ನೋಡಿ ನಂಬುವ ಕಾಲವೂ ಹೋಯಿತು. ಎಕ್ಸ್‌ನಲ್ಲಿ 2023ರಿಂದ ಅದು ಹಣ ಕೊಟ್ಟವರಿಗೆ ಸಿಗುವ ಗುರುತು. ನಿರ್ಮಾಣ ಸಂಸ್ಥೆಯ ವೆಬ್‌ಸೈಟಿಗೆ ಹೋಗಿ ಅಲ್ಲಿಂದ ಅದರ ಖಾತೆಗೆ ಬರುವುದೇ ಸರಿಯಾದ ಕ್ರಮ. ಖಾತೆಯ ಪುಟದಿಂದ ವೆಬ್‌ಸೈಟಿಗೆ ಹೋದರೆ ನಕಲಿಯವನು ತೋರಿಸಿದ ದಾರಿಯಲ್ಲೇ ನಡೆದಂತೆ.

ಸ್ಪಾಯ್ಲರ್, ಅಂದರೆ ನೋಡುವ ಮೊದಲೇ ಕಥೆಯ ಗುಟ್ಟು ಹೇಳಿಬಿಡುವ ಪೋಸ್ಟ್, ತಡೆಯಲು ಎಕ್ಸ್‌ನಲ್ಲಿ ಪದಗಳನ್ನು ಮ್ಯೂಟ್ ಮಾಡಿ ಅವಿರುವ ಪೋಸ್ಟ್‌ಗಳನ್ನು ಮರೆಮಾಡುವ ಸೌಲಭ್ಯ ಚೆನ್ನಾಗಿದೆ. 24 ತಾಸು, 7 ದಿನ, 30 ದಿನ, ಸದಾಕಾಲ ಅಂತ ಅವಧಿ ಆರಿಸಬಹುದು. ಒಂದು ಪದ ಮ್ಯೂಟ್ ಮಾಡಿದರೆ ಅದರ ಹ್ಯಾಶ್‌ಟ್ಯಾಗೂ ಮರೆಯಾಗುತ್ತದೆ. ಆದರೆ ಹೆಸರಿಗೆ ಬೇರೆ ಪದ ಅಂಟಿಸಿದ ಹ್ಯಾಶ್‌ಟ್ಯಾಗ್ ನುಸುಳುತ್ತದೆ. ಆದ್ದರಿಂದ ಪೂರ್ತಿ ಹೆಸರು, ಅಭಿಮಾನಿಗಳು ಬಳಸುವ ಚಿಕ್ಕ ಹೆಸರು, ಮುಖ್ಯ ಪಾತ್ರಗಳ ಹೆಸರು, ಇವನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಬೇರೆ ಬೇರೆಯಾಗಿ ಸೇರಿಸಬೇಕು. ಚಿತ್ರದೊಳಗಿನ ಅಕ್ಷರವನ್ನು ಮ್ಯೂಟ್ ಹಿಡಿಯುವುದಿಲ್ಲ; ಮೀಮ್‌ಗಳಿಂದ ಗುಟ್ಟು ರಟ್ಟಾಗುವುದು ಹೀಗೆ. ಯೂಟ್ಯೂಬ್‌ನಲ್ಲಂತೂ ವೀಡಿಯೊದ ಮುಖಚಿತ್ರವಾದ ಥಂಬ್‌ನೇಲೇ ಕಥೆ ಹೇಳಿಬಿಡುತ್ತದೆ. ಸರಣಿಯ ಕೊನೆಯ ಕಂತು ಬಂದ ವಾರ ಮುಖಪುಟಕ್ಕೆ ಹೋಗದೆ ಸಬ್‌ಸ್ಕ್ರಿಪ್ಷನ್ಸ್ ಪುಟದಲ್ಲೇ ಇರುವುದು ಕ್ಷೇಮ.

ಇನ್ನು ಮೊದಲಿಗೆ ಹೇಳಿದ ಆ ಪಟ್ಟಿ. ಆ್ಯಪ್‌ಗಳೊಳಗಿನ ‘ಸೇವ್’ ಒಂದು ಕಣಜವಿದ್ದಂತೆ, ಹಾಕಿದ್ದು ತಳ ಸೇರುತ್ತದೆ. ಯೂಟ್ಯೂಬ್‌ನ ‘ವಾಚ್ ಲೇಟರ್’ 5,000 ವೀಡಿಯೊಗಳವರೆಗೆ ಹಿಡಿಸುತ್ತದೆ, ಅಷ್ಟನ್ನು ನೋಡುವವರು ಯಾರು? ಪಟ್ಟಿ ಆ್ಯಪ್‌ಗಳ ಹೊರಗೆ, ಒಂದು ನೋಟ್‌ಬುಕ್ಕಿನಲ್ಲೋ ಸ್ಪ್ರೆಡ್‌ಶೀಟಿನಲ್ಲೋ ಇರಲಿ. ಐದು ಕಾಲಂ ಸಾಕು: ಹೆಸರು, ವರ್ಷ, ಎಲ್ಲಿ ಸಿಗುತ್ತದೆ, ಯಾರಿಂದ ತಿಳಿಯಿತು, ಏಕೆ ನೋಡಬೇಕು ಅನ್ನಿಸಿತು. ವರ್ಷ ಬರೆಯದಿದ್ದರೆ ಒಂದೇ ಹೆಸರಿನ ಎರಡು ಸಿನಿಮಾಗಳಲ್ಲಿ ಬೇರೆಯದನ್ನು ನೋಡಿ ಕೂರುತ್ತೀರಿ. ಎಲ್ಲಕ್ಕಿಂತ ಬೆಲೆಯುಳ್ಳದ್ದು ನಾಲ್ಕನೆಯ ಕಾಲಂ. ಮೂರು ತಿಂಗಳ ನಂತರ, ಪೂರ್ತಿ ನೋಡಿದವುಗಳ ಎದುರು ಯಾರ ಹೆಸರಿದೆ, ಅರ್ಧಕ್ಕೆ ಬಿಟ್ಟವುಗಳ ಎದುರು ಯಾರ ಹೆಸರಿದೆ ಅಂತ ನೋಡಿ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಅನ್‌ಫಾಲೋ ಮಾಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಆರು ತಿಂಗಳಿಗೊಮ್ಮೆ ಎಲ್ಲದರ ಪ್ರತಿಯನ್ನೂ ತೆಗೆದಿಡಿ. ಖಾತೆ ಹ್ಯಾಕ್ ಆಗಬಹುದು, ವೇದಿಕೆಯೇ ಮುಚ್ಚಬಹುದು. ನಮ್ಮ ಮಾಹಿತಿಯ ಪ್ರತಿ ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಯೂಟ್ಯೂಬ್ ಮಾತ್ರ ಆರಿಸಿ, ಅದರೊಳಗೆ ಸಬ್‌ಸ್ಕ್ರಿಪ್ಷನ್ಸ್ ಬಿಟ್ಟು ಉಳಿದ ಗುರುತು ತೆಗೆಯಿರಿ. ಇಲ್ಲದಿದ್ದರೆ ನೀವು ಹಾಕಿದ ವೀಡಿಯೊಗಳೂ ಸೇರಿ ಫೈಲ್ ವಿಪರೀತ ದೊಡ್ಡದಾಗುತ್ತದೆ. ಬರುವ ಸಿಎಸ್‌ವಿ ಫೈಲಿನ (ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಪಟ್ಟಿ) ಪ್ರತಿ ಸಾಲಿನಲ್ಲೂ ಮೂರೇ ಸಂಗತಿ: ಚಾನೆಲ್‌ನ ಐಡಿ, ಕೊಂಡಿ, ಹೆಸರು. ಲೆಟರ್‌ಬಾಕ್ಸ್‌ಡ್ ಕೂಡ ಸೆಟ್ಟಿಂಗ್ಸ್‌ನಿಂದ ಇಂಥದೇ ಫೈಲ್ ಕೊಡುತ್ತದೆ. ಎರಡನ್ನೂ ದಿನಾಂಕ ಹಾಕಿ, ಆ ಐದು ಕಾಲಂನ ಪಟ್ಟಿ ಇರುವ ಫೋಲ್ಡರಿನಲ್ಲೇ ಇಡಿ.